ಕಲಿಸದೆ ಬಿಟ್ಟ ಒಂದು ಪಾಠ: ಕೌದಿ

ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ವ್ಯಾಕರಣವನ್ನು ಕುರಿತೋ ವಚನ ಸಾಹಿತ್ಯವನ್ನು ಕುರಿತೋ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದರು. ಅವೆರಡನ್ನೂ ನಾನು ಮೂವತ್ತು ವರುಷಕ್ಕೂ ಮಿಕ್ಕಿ ತರಗತಿಯಲ್ಲಿ ಹೇಳಿದ್ದೇನೆ. ನನ್ನ ವಿದ್ಯಾರ್ಥಿಗಳು ಕೇಳಿ ಸಾಕಷ್ಟು ದಣಿದಿದ್ದಾರೆ. ಆದ್ದರಿಂದ ನಾನು ಒಮ್ಮೆಯೂ ಕಲಿಸದ, ಆದರೆ ಕಲಿಸಬೇಕಾಗಿದ್ದ ವಿಷಯವೊಂದನ್ನು ಇಲ್ಲಿ ಎತ್ತಿಕೊಂಡಿದ್ದೇನೆ. ಅದು ಕೌದಿ.

ಹಳೆಯ ಬಟ್ಟೆಯ ತುಂಡುಗಳನ್ನು ಪದರ ಪದರವಾಗಿ ಹಾಸಿ, ಕೈಹೊಲಿಗೆಯಿಂದ ಒಂದುಗೂಡಿಸಿದ ಹೊದಿಕೆಯೇ ಕೌದಿ. ನಮ್ಮ ಸೊಲ್ಲಾಪುರದಲ್ಲಿ ಕನ್ನಡಿಗರ ಮನೆಯ ಕೌದಿ ಮರಾಠಿಗರ ಮನೆಯಲ್ಲಿ ವಾಕಳ ಅಥವಾ ಗೋಧಡಿಯಾಗುತ್ತದೆ. ತೆಲಂಗಾಣದಿಂದ ಬಂದು ನೆಲೆಸಿದ ಪದ್ಮಶಾಲಿ ನೇಕಾರರ ಮನೆಯಲ್ಲಿ ಬೊಂತವಾಗುತ್ತದೆ. ಮೂರು ಭಾಷೆಯ ಮನೆಗಳವರೂ ಒಂದೇ ಚಳಿಗೆ ಒಂದೇ ಉಪಾಯವನ್ನು ಕಂಡುಕೊಂಡವರು. ಸಂಸ್ಕೃತದ ‘ಕಂಥಾ’ ನಮ್ಮಲ್ಲಿ ‘ಕಂಥೆ’ಯಾಗಿ, ವಿರಕ್ತರು ಹೊದೆಯುವ ತೇಪೆಯ ಬಟ್ಟೆಗೆ ಹೆಸರಾಯಿತು. ಅದೇ ಶಬ್ದವು ಬಂಗಾಳದಲ್ಲಿ ‘ಕಾಂಥಾ’ ಎಂದು ಇಂದಿಗೂ ಬಳಕೆಯಲ್ಲಿದೆ.

ಜಗತ್ಪ್ರಸಿದ್ಧವಾದ ಚಾದರಗಳ ಊರಿನಲ್ಲಿ ಹರಕಿನ ಹೊದಿಕೆ ಏತಕ್ಕೆ ಎಂದು ಹೊಸಬರು ಕೇಳಬಹುದು. 1877ರಲ್ಲಿ ಇಲ್ಲಿ ಮೊದಲ ನೂಲು-ನೇಯ್ಗೆಯ ಗಿರಣಿ ಆರಂಭವಾಯಿತು. ಜನರ ಬಾಯಲ್ಲಿ ಅದು ‘ಜುನಿ ಗಿರಣಿ’. ಮುಂದೆ ಇನ್ನೂ ಹಲವು ಗಿರಣಿಗಳು ಬಂದವು; ಕಾಲಾಂತರದಲ್ಲಿ ಒಂದೊಂದಾಗಿ ಮುಚ್ಚಿದವು. ಜಕಾರ್ಡ ಮಗ್ಗದ ಮೇಲೆ ನೇಯ್ದ ಸೊಲ್ಲಾಪುರಿ ಚಾದರಕ್ಕೆ ಈ ಶತಮಾನದ ಮೊದಲ ದಶಕದಲ್ಲಿ ಭೌಗೋಳಿಕ ಸೂಚಕದ ನೋಂದಣಿಯೂ ದೊರೆಯಿತು. ಆದರೆ ಚಾದರ ಮಾರುವ ವಸ್ತು. ನೇಯ್ದವನ ಮನೆಯಲ್ಲಿ ಅದು ಉಳಿಯುತ್ತಿದ್ದುದು ಕಡಿಮೆ. ಉಳಿದ ಒಂದೆರಡು ಸವೆದು ಜಾಳಾದ ಮೇಲೆ ಕೌದಿಯ ಒಳಪದರಾಗುತ್ತಿದ್ದವು. ನಮ್ಮ ಮನೆಯಲ್ಲಿ ಹೊಲಿಯುವ ದಾರವನ್ನೂ ಕೊಂಡುದಿಲ್ಲ. ಕಂಡಿಕೆಗಳಲ್ಲಿ ಉಳಿದ ತುಂಡು ನೂಲನ್ನು ಅವ್ವ ಮೂರೆಳೆ ಸೇರಿಸಿ ತೊಡೆಯ ಮೇಲೆ ಹೊಸೆದು, ಮೇಣ ಸವರಿ ಇಟ್ಟುಕೊಳ್ಳುತ್ತಿದ್ದಳು. 1972ರ ಬರಗಾಲದಲ್ಲಿ ನಮ್ಮ ಅಕ್ಕಲಕೋಟ ತಾಲೂಕಿನ ಜನ ಖಡಿ ಒಡೆಯುವ ಕೆಲಸಕ್ಕೆ ಹೊರಟಾಗ ತಲೆಯ ಮೇಲಿನ ಗಂಟಿನಲ್ಲಿ ಪಾತ್ರೆ ಎರಡಿದ್ದರೆ ಕೌದಿ ಒಂದು ಇದ್ದೇ ಇರುತ್ತಿತ್ತು.

ಇಂಥ ಮನೆಯಲ್ಲಿ ಬೆಳೆದವನಾದ ನಾನು ಮಾಡಿದ ಒಂದು ತಪ್ಪನ್ನು ಇಲ್ಲಿ ಬರೆಯಬೇಕಾಗಿದೆ. 1979ರಲ್ಲಿ ನಮ್ಮ ಶಾಲೆಯಲ್ಲಿ ಕಾರ್ಯಾನುಭವದ ವಸ್ತುಪ್ರದರ್ಶನವನ್ನು ಏರ್ಪಡಿಸಿದ್ದೆವು. ನಾನು ಪರೀಕ್ಷಕ. ಮಕ್ಕಳು ಕಾಗದದ ಹೂವು, ಪ್ಲಾಸ್ಟಿಕ್ ವೈರಿನ ಚೀಲ, ಕ್ರೋಶಾದ ರುಮಾಲುಗಳನ್ನು ತಂದಿದ್ದರು. ಏಳನೆಯ ಇಯತ್ತೆಯ ಹುಡುಗಿಯೊಬ್ಬಳು ಕೌದಿ ತಂದು ಮೇಜಿನ ಮೇಲೆ ಹರವಿದಳು. “ಮನೆಯ ಹಾಸಿಗೆಯನ್ನು ಶಾಲೆಗೆ ತರುತ್ತಾರೆಯೇ? ಮಡಿಚಿ ಇಡು” ಎಂದೆ. “ನಾನಽ ಹೊಲದೇನ್ರಿ ಗುರೂಜಿ” ಎಂದಳು. ನಾನು ಮುಂದಿನ ಮೇಜಿಗೆ ಹೋಗಿಬಿಟ್ಟೆ. ಬಹುಮಾನ ವೈರಿನ ಚೀಲಕ್ಕೆ ಹೋಯಿತು. ಸಂಜೆ ಆ ಹುಡುಗಿ ಕೌದಿಯನ್ನು ತಲೆಯ ಮೇಲೆ ಹೊತ್ತು ಹಿಂದಿನ ಗೇಟಿನಿಂದ ಹೋದುದನ್ನು ಕಂಡೆ. ಆಗ ಏನೂ ಅನಿಸಲಿಲ್ಲ. ಮೂರು ವರುಷಗಳ ಹಿಂದೆ ನಮ್ಮ ಅಕ್ಕನ ಕೈಕೆಳಗೆ ಕುಳಿತು ಸೂಜಿ ಹಿಡಿದಾಗಲೇ ಆ ಹುಡುಗಿ ಮಾಡಿದ್ದು ಎಂಥ ಕೆಲಸವೆಂಬುದು ತಿಳಿಯಿತು.

ಈಗ ಪಾಠಕ್ಕೆ ಬರುತ್ತೇನೆ. ಬಟ್ಟೆ ಹತ್ತಿಯದಾಗಿರಬೇಕು, ಹಳೆಯದಾಗಿರಬೇಕು. ಹತ್ತಾರು ಸಲ ಒಗೆದ ಇಳಕಲ್ಲ ಸೀರೆ, ಧೋತರ, ರುಮಾಲು, ಖಣದ ಕುಪ್ಪಸ ಉತ್ತಮ. ಇವು ಕುಗ್ಗುವಷ್ಟು ಕುಗ್ಗಿ ಮುಗಿದಿರುತ್ತವೆ. ಹೊಸ ಬಟ್ಟೆಯನ್ನು ನಡುವೆ ಸೇರಿಸಿದರೆ ಮೊದಲ ಒಗೆತಕ್ಕೆ ಅದೊಂದೇ ಕುಗ್ಗಿ ಸುತ್ತಲಿನದನ್ನೆಲ್ಲ ಎಳೆಯುತ್ತದೆ. ಪಾಲಿಸ್ಟರ್ ಬೇಡ, ಜಾರುತ್ತದೆ, ಬೆವರು ಹೀರುವುದಿಲ್ಲ. ಬಟ್ಟೆಗಳನ್ನು ಬಿಸಿನೀರಲ್ಲಿ ಒಗೆದು, ಗುಂಡಿ, ಕೊಂಡಿ, ದಪ್ಪ ಹೊಲಿಗೆಗಳನ್ನು ಬಿಚ್ಚಿ ತೆಗೆಯಬೇಕು. ಕೆಳಗೆ ಇಡಿಯ ಸೀರೆಯೊಂದನ್ನು ಸುಕ್ಕಿಲ್ಲದಂತೆ ಹಾಸಿ ನಾಲ್ಕು ಮೂಲೆಗೆ ಕಲ್ಲು ಇಡುವುದು. ಅದರ ಮೇಲೆ ಜಾಳು ಚಾದರ, ಧೋತರದ ತುಂಡುಗಳು. ಒಳಪದರಿನ ತುಂಡುಗಳ ಅಂಚು ಒಂದರ ಮೇಲೊಂದು ಬೀಳಬಾರದು, ಪಕ್ಕಕ್ಕೆ ಪಕ್ಕ ಕೂಡಬೇಕು. ಇಲ್ಲವಾದರೆ ಮಲಗಿದವರ ಬೆನ್ನಿಗೆ ಗೆರೆ ಒತ್ತುತ್ತದೆ. ಬಳಿಕ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ ಪದರಗಳನ್ನು ಹಿಡಿದು ನಿಲ್ಲಿಸಬೇಕು. ಸೂಜಿ ದಪ್ಪನೆಯದಿರಲಿ, ಆದರೆ ದಬ್ಬಣ ಬೇಡ. ಅದು ಮಾಡಿದ ತೂತು ಮುಚ್ಚುವುದಿಲ್ಲ. ಬೆರಳಿಗೆ ಅಂಗುಸ್ತಾನ ಬೇಕೇ ಬೇಕು.

ಮೇಲಿನ ಬಣ್ಣದ ತುಂಡುಗಳನ್ನು ಮೊದಲೇ ಕೂಡಿಸಿ ಮುಸುಕು ಮಾಡಿಕೊಳ್ಳುವವರೂ ಉಂಟು. ನಮ್ಮ ಅಕ್ಕನ ಪದ್ಧತಿ ಬೇರೆ. ಅಂಚಿನಿಂದ ಹೊಲಿಗೆ ಆರಂಭಿಸಿ, ಹೊಲಿಗೆ ಬಂದಲ್ಲಿಗೆ ತುಂಡನ್ನಿಟ್ಟು, ಅದರ ಬದಿಯನ್ನು ಒಳಕ್ಕೆ ಮಡಿಚಿ, ಎಲ್ಲ ಪದರಗಳನ್ನೂ ಒಟ್ಟಿಗೆ ಚುಚ್ಚಿ ಸಾಗುವುದು. ನಾಲ್ಕೂ ಬದಿ ಸುತ್ತಿ ಬಂದು, ಒಂದು ಬೆರಳಗಲ ಒಳಗೆ ಸರಿದು ಎರಡನೆಯ ಸುತ್ತು, ಹೀಗೆ ನಡುವಿನವರೆಗೆ. “ತಮ್ಮಾ, ಅಂಚು ಮೊದಲ ಕಟ್ಟು. ನಡುವಿಂದು ತಾನಽ ಬರತದ. ಖರೆ ಹೊಟ್ಟಿ ಬಿಡಬ್ಯಾಡ” ಎನ್ನುತ್ತಾಳೆ. ಹೊಟ್ಟೆ ಎಂದರೆ ಉಬ್ಬು. ಅಂಚು ಮೊದಲೇ ಬಿಗಿದಿರುವುದರಿಂದ ಸಡಿಲಾದ ಬಟ್ಟೆಯೆಲ್ಲ ಒಳಗೆ ಸರಿಯುತ್ತ ಹೋಗಿ ನಡುವೆ ಗುಡ್ಡೆಯಾಗುತ್ತದೆ. ಅದನ್ನು ತಪ್ಪಿಸಲು ಪ್ರತಿ ಸುತ್ತಿಗೂ ಎಡ ಅಂಗೈಯಿಂದ ಬಟ್ಟೆಯನ್ನು ತೀಡಿ ಸಮ ಮಾಡಬೇಕು. ಅಕ್ಕನ ಅಂಗೈಗೆ ಇದು ಗೊತ್ತು. ನನ್ನ ಅಂಗೈ ಸೀಮೆಸುಣ್ಣ ಹಿಡಿದೇ ಕೆಟ್ಟಿದೆ.

ಸುತ್ತು ಸುತ್ತಿನ ನಡುವಿನ ಅಂತರಕ್ಕೂ ಕಾರಣವುಂಟು. ನಮ್ಮನ್ನು ಬೆಚ್ಚಗಿಡುವುದು ಬಟ್ಟೆಯ ಜೊತೆಗೆ ಪದರಗಳ ನಡುವೆ ಸಿಕ್ಕಿಬಿದ್ದ ಗಾಳಿ. ಹೊಲಿಗೆ ತೀರ ಒತ್ತಾದರೆ ಪದರುಗಳು ಚಪ್ಪಟೆಯಾಗಿ ಗಾಳಿಗೆ ಎಡೆಯಿರದು. ತೀರ ವಿರಳವಾದರೆ ಒಳಗಿನ ತುಂಡುಗಳು ಸರಿದು ಒಂದೆಡೆ ಸೇರುತ್ತವೆ.

ಲೆಕ್ಕದ ಮಾಸ್ತರರು ಕ್ಷಮಿಸಿದರೆ ಒಂದು ಗಣಿತ. ಒಬ್ಬರ ಕೌದಿಗೆ ಅಗಲ 3 ಮೊಳ, ಉದ್ದ ನಾಲ್ಕೂವರೆ ಮೊಳ. ಅಂದರೆ 54 ಅಂಗುಲ, 81 ಅಂಗುಲ. ಕ್ಷೇತ್ರಫಲ 4374 ಚದರ ಅಂಗುಲ. ಸುತ್ತುಗಳ ನಡುವೆ ಮುಕ್ಕಾಲು ಅಂಗುಲ ಬಿಟ್ಟರೆ ಹೊಲಿಗೆಯ ಒಟ್ಟು ಉದ್ದ 5832 ಅಂಗುಲ, ಎಂದರೆ 162 ಗಜ. ಅರ್ಧ ಅಂಗುಲಕ್ಕೆ ಒಂದು ಹೊಲಿಗೆ ಹಿಡಿದರೆ 11,664 ಹೊಲಿಗೆಗಳು. ಏಳನೆಯ ಇಯತ್ತೆಯ ಆ ಹುಡುಗಿಯ ಕೌದಿ ಇದಕ್ಕಿಂತ ಚಿಕ್ಕದೇನೂ ಇರಲಿಲ್ಲ. ಕ್ಷೇತ್ರಫಲದ ಪಾಠವನ್ನು ನಾನು ಆ ವರ್ಗಕ್ಕೆ ಹಲಗೆಯ ಮೇಲೆ ಹೊಲದ ಚಿತ್ರ ಬರೆದು ಹೇಳಿದ್ದೆ.

ಈ ವಿದ್ಯೆ ನಮ್ಮ ಸೀಮೆಯದೊಂದೇ ಅಲ್ಲ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ತಾಲೂಕುಗಳ ಸಿದ್ದಿ ಜನರ ಪೂರ್ವಿಕರು ಆಫ್ರಿಕೆಯಿಂದ ಬಂದವರು. ಅವರ ಹೆಣ್ಣುಮಕ್ಕಳೂ ಅಂಚಿನಿಂದ ನಡುವಿಗೇ ಹೊಲಿಯುತ್ತಾರೆ. ನಾಲ್ಕು ಮೂಲೆಗೂ ಬಟ್ಟೆಯನ್ನು ತ್ರಿಕೋನವಾಗಿ ಮಡಿಚಿ ‘ಫೂಲ’ ಎಂಬ ಹೂವನ್ನಿಡದೆ ಅವರ ಕೌದಿ ಪೂರ್ಣವಾಗದು. ಹೆನ್ರಿ ಡ್ರೂವಲ್ ಎಂಬ ಅಮೆರಿಕದ ವಿದ್ವಾಂಸರು ಇವುಗಳನ್ನು ಅಭ್ಯಸಿಸಿ ತಮ್ಮ ದೇಶದಲ್ಲಿ ಪ್ರದರ್ಶನಕ್ಕಿಡಿಸಿದರು. ನಾನು ಮಡಿಚಿಡಲು ಹೇಳಿದಂಥ ವಸ್ತುವನ್ನು ಅವರು ಗೋಡೆಗೆ ತೂಗಹಾಕಿದರು. ಇನ್ನು ನಮ್ಮ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬ ವಚನಕಾರರೇ ಇದ್ದಾರೆ. ಸೊನ್ನಲಿಗೆಯ ಸಿದ್ಧರಾಮನ ಈ ಊರಿನಲ್ಲಿ ಕಾಯಕವನ್ನು ಕುರಿತು ನಾನು ಮಾಡಿದ ಭಾಷಣಗಳಿಗೆ ಲೆಕ್ಕವಿಲ್ಲ. ಆ ಹೆಸರನ್ನೂ ಹಲವು ಸಲ ಹೇಳಿದ್ದೇನೆ.

ನವರಾತ್ರಿಯ ಘಟ ಕೂಡಿಸುವ ಮುನ್ನ ಅಕ್ಕಲಕೋಟದ ಬೋರಿ ನದಿಯ ದಂಡೆಯಲ್ಲಿ ಕೌದಿಗಳನ್ನು ಒಗೆದು ಹರವಿದಾಗ ದಂಡೆಯೆಲ್ಲ ಬಣ್ಣವಾಗುತ್ತಿತ್ತು. ನೆನೆದ ಕೌದಿಯನ್ನು ಒಬ್ಬರು ಎತ್ತಲಾಗದು. ಇಬ್ಬರು ಎರಡು ತುದಿ ಹಿಡಿದು ಹಿಂಡಬೇಕು. ಈಗ ಒಗೆಯುವ ಯಂತ್ರ ಅದನ್ನು ತಾಳದೆಂದು ಸೊಸೆಯಂದಿರು ಹೇಳುತ್ತಾರೆ. ಅವರ ಮಾತೂ ಸುಳ್ಳಲ್ಲ. ಅಂಥ ಮನೆಗಳಿಗೆ ಎರಡೇ ಪದರಿನ ಕೂಸಿನ ಕೌದಿ ಸಾಕು. ಒಂದೂವರೆ ಮೊಳದ ಚೌಕ, ಅಜ್ಜಿಯ ಹಳೆಯ ಸೀರೆ ಒಂದಿದ್ದರಾಯಿತು. ಕಲಿಯುವವರು ಅದರಿಂದಲೇ ಆರಂಭಿಸಬೇಕು. ನಾನು ಆತುರಪಟ್ಟು ದೊಡ್ಡದಕ್ಕೇ ಕೈಯಿಟ್ಟೆ.

ನನ್ನ ಕೌದಿ ಈಗ ಹದಿನಾಲ್ಕನೆಯ ಸುತ್ತಿನಲ್ಲಿದೆ. ಒಂಬತ್ತನೆಯ ಸುತ್ತಿನಲ್ಲಿಯೇ ಬಲಗಡೆಗೆ ಹೊಟ್ಟೆ ಬಿದ್ದಿದೆ. ಐದೂ ಸುತ್ತು ಬಿಚ್ಚಬೇಕೆಂದು ಅಕ್ಕ ಹೇಳುತ್ತಾಳೆ. ಆ ಹುಡುಗಿಗೆ ಈಗ ಅರುವತ್ತರ ಹತ್ತಿರದ ವಯಸ್ಸಾಗಿರಬೇಕು. ಹಳೆಯ ವಿದ್ಯಾರ್ಥಿಗಳ ಮೇಳಕ್ಕೆ ಅವರು ಬರುವುದಾದರೆ ನನ್ನ ಕೌದಿಯನ್ನು ಅದೇ ಮೇಜಿನ ಮೇಲೆ ಹರವಿ, ಬಿಚ್ಚದೆ ಸರಿಪಡಿಸುವ ದಾರಿ ಬೇರೆ ಇದೆಯೇ ಎಂದು ಅವರನ್ನೇ ಕೇಳುವವನಿದ್ದೇನೆ.