ಎರಡು ಔಷಧಗಳಿಗೆ ಬಗ್ಗದ ಮೂರ್ಛೆರೋಗ



ಕೆಲವು ವರ್ಷಗಳ ಹಿಂದೆ ಒಂಬತ್ತನೆಯ ತರಗತಿಯ ಬಾಲಿಕೆಯೊಬ್ಬಳು ಭೂಗೋಳದ ಪಾಠದ ನಡುವೆ ಮೂರ್ಛೆಬಂದು ಬಿದ್ದಳು. ಸಹಪಾಠಿನಿಯೊಬ್ಬಳು ಬೀಗದಕೈಗಳ ಗೊಂಚಲನ್ನು ತಂದು ಅವಳ ಮುಷ್ಟಿಯಲ್ಲಿಟ್ಟಳು. ನಾನಾದರೋ ಹಲ್ಲುಗಳ ನಡುವೆ ಚಮಚೆಯನ್ನು ತೂರಿಸಲು ಯತ್ನಿಸಿದೆನು. ಎರಡೂ ತಪ್ಪೇ. ಅದಕ್ಕಿಂತ ದೊಡ್ಡ ತಪ್ಪನ್ನು ನಾನು ಆಮೇಲೆ ಮಾಡಿದೆನು. ಎರಡು ಬಗೆಯ ಔಷಧಗಳನ್ನು ಕೊಟ್ಟರೂ ರೋಗವು ಹತೋಟಿಗೆ ಬಂದಿಲ್ಲವೆಂದು ಕೇಳಿ, ಇನ್ನು ಇವಳನ್ನು ಮನೆಯಲ್ಲಿಯೇ ಇರಿಸಿಕೊಳ್ಳುವುದು ಲೇಸೆಂದು ಅವಳ ತಂದೆಗೆ ಹೇಳಿದೆನು. ಬಳಿಯಲ್ಲಿದ್ದ ಹುಡುಗಿಯು, "ನನಗೆ ಮೂರ್ಛೆ ಬರುವುದು ತಿಂಗಳಲ್ಲಿ ನಾಲ್ಕೈದು ನಿಮಿಷಗಳ ಹೊತ್ತು. ಉಳಿದ ಹೊತ್ತೆಲ್ಲಾ ಮನೆಯಲ್ಲಿ ಏನು ಮಾಡಲಿ?" ಎಂದು ಕೇಳಿದಳು. ನನಗೆ ಉತ್ತರ ತೋಚಲಿಲ್ಲ. ಆ ಪ್ರಶ್ನೆಯ ದೆಸೆಯಿಂದ ನಾನು ಕಲಿತ ಪಾಠವನ್ನು ಇಲ್ಲಿ ಬರೆಯುತ್ತೇನೆ.

೧. ರೋಗದ ಸ್ವರೂಪ

ಮಿದುಳಿನ ಜೀವಕೋಶಗಳು ಸೂಕ್ಷ್ಮವಾದ ವಿದ್ಯುತ್ತಿನ ಮೂಲಕ ಒಂದರೊಡನೊಂದು ವ್ಯವಹರಿಸುತ್ತವೆ. ಈ ವಿದ್ಯುತ್ತು ಅಕಸ್ಮಾತ್ತಾಗಿ ಕ್ರಮಗೆಟ್ಟು ಹರಿದಾಗ ಮೂರ್ಛೆಯುಂಟಾಗುವುದು. ಇದು ಗ್ರಹಚಾರವಲ್ಲ, ಅಂಟುರೋಗವೂ ಅಲ್ಲ. ಈ ರೋಗವು ಇತರ ರೋಗಗಳಿಗಿಂತ ಹೆಚ್ಚು ದೈವಿಕವಾದದ್ದೇನೂ ಅಲ್ಲವೆಂದು ಗ್ರೀಸ್ ದೇಶದ ಹಿಪ್ಪೊಕ್ರೆಟಿಸನ ಹೆಸರಿನಲ್ಲಿರುವ ಗ್ರಂಥವು ಸುಮಾರು ೨,೪೦೦ ವರ್ಷಗಳ ಹಿಂದೆಯೇ ಸಾರಿತು. ಆದರೂ ಕಬ್ಬಿಣವನ್ನು ಹಿಡಿಸುವ ರೂಢಿಯು ನಮ್ಮಲ್ಲಿ ಇನ್ನೂ ಅಳಿದಿಲ್ಲ.

೨. ಔಷಧಗಳು

೧೯೧೨ರಲ್ಲಿ ಫೀನೊಬಾರ್ಬಿಟಾಲ್, ೧೯೩೮ರಲ್ಲಿ ಫೆನಿಟಾಯಿನ್ ಈ ರೋಗಕ್ಕೆ ಬಳಕೆಗೆ ಬಂದವು. ಅನಂತರ ಇನ್ನೂ ಅನೇಕ ಔಷಧಗಳು ಬಂದಿವೆ. ಗ್ಲಾಸ್ಗೊ ನಗರದ ವೈದ್ಯರು ೨೦೦೦ದಲ್ಲಿ ಪ್ರಕಟಿಸಿದ ವರದಿಯಂತೆ, ಹೊಸದಾಗಿ ಚಿಕಿತ್ಸೆಗೆ ಬಂದ ನೂರು ಮಂದಿಯಲ್ಲಿ ೪೭ ಮಂದಿಗೆ ಮೊದಲನೆಯ ಔಷಧದಿಂದಲೇ ಮೂರ್ಛೆಗಳು ನಿಂತವು. ಎರಡನೆಯದರಿಂದ ಇನ್ನು ೧೩ ಮಂದಿಗೆ. ಆ ಬಳಿಕ ಕೊಟ್ಟವುಗಳಿಂದ ಕೇವಲ ೪ ಮಂದಿಗೆ. ಆದಕಾರಣ, ತಕ್ಕದ್ದೆಂದು ಆರಿಸಿದ ಎರಡು ಔಷಧಗಳನ್ನು ಸರಿಯಾಗಿ ಸೇವಿಸಿದರೂ ಮೂರ್ಛೆಯು ನಿಲ್ಲದಿದ್ದರೆ ಅದನ್ನು ಔಷಧಕ್ಕೆ ಬಗ್ಗದ ರೋಗವೆಂದು ಎಣಿಸಬೇಕೆಂಬುದಾಗಿ ಅಂತರರಾಷ್ಟ್ರೀಯ ವೈದ್ಯಸಂಘವು ೨೦೧೦ರಲ್ಲಿ ನಿರ್ಣಯಿಸಿತು. ಇದರ ಅರ್ಥ ದಾರಿ ಮುಗಿಯಿತೆಂದಲ್ಲ. ಬೇರೆ ದಾರಿಗಳನ್ನು ವಿಚಾರಿಸುವ ಕಾಲ ಬಂದಿತೆಂದು.

೩. ಔಷಧವು ಸಾಲದಾದಾಗ

ಇಂಥವರನ್ನು ಬೆಂಗಳೂರಿನ ನಿಮ್ಹಾನ್ಸ್, ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ ಮೊದಲಾದ ವಿಶೇಷ ಆಸ್ಪತ್ರೆಗಳಿಗೆ ಕರೆದೊಯ್ಯತಕ್ಕದ್ದು. ಅಲ್ಲಿ ಮೊದಲು ಇದು ನಿಜವಾಗಿ ಮೂರ್ಛೆರೋಗವೋ, ಔಷಧವು ಹೊತ್ತಿಗೆ ಸರಿಯಾಗಿ ಹೊಟ್ಟೆಗೆ ಬೀಳುತ್ತಿದೆಯೋ ಎಂಬುದನ್ನು ನೋಡುತ್ತಾರೆ. ಬಳಿಕ ಎಂ.ಆರ್.ಐ. ಚಿತ್ರದಿಂದಲೂ, ವಿಡಿಯೊ ಸಹಿತವಾದ ಇ.ಇ.ಜಿ. ಪರೀಕ್ಷೆಯಿಂದಲೂ ಮೂರ್ಛೆಯು ಮಿದುಳಿನ ಯಾವ ಎಡೆಯಿಂದ ಹೊರಡುವುದೆಂದು ಹುಡುಕುತ್ತಾರೆ.

ಆ ಎಡೆಯು ಒಂದೇ ಆಗಿದ್ದು, ಅದನ್ನು ತೆಗೆದರೆ ಮಾತಿಗೂ ನೆನಪಿಗೂ ನಡೆದಾಟಕ್ಕೂ ಹೆಚ್ಚು ಹಾನಿಯಾಗದಂತಿದ್ದರೆ ಶಸ್ತ್ರಚಿಕಿತ್ಸೆಯನ್ನು ಸೂಚಿಸುವರು. ದೆಹಲಿಯ ಏಮ್ಸ್ ಆಸ್ಪತ್ರೆಯಲ್ಲಿ ೧೧೬ ಮಕ್ಕಳ ಮೇಲೆ ನಡೆದು ೨೦೧೭ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಶಸ್ತ್ರಚಿಕಿತ್ಸೆ ಹೊಂದಿದವರಲ್ಲಿ ನೂರಕ್ಕೆ ೭೭ ಮಂದಿ ಒಂದು ವರ್ಷದ ಅನಂತರ ಮೂರ್ಛೆಯಿಲ್ಲದೆ ಇದ್ದರು. ಔಷಧವನ್ನು ಮಾತ್ರ ಸೇವಿಸಿದವರಲ್ಲಿ ೭ ಮಂದಿ. ಆದರೆ ಶಸ್ತ್ರಚಿಕಿತ್ಸೆ ಹೊಂದಿದ ಮಕ್ಕಳಲ್ಲಿ ಮೂರರಲ್ಲೊಂದು ಪಾಲಿನವರಿಗೆ ಕೈಕಾಲುಗಳ ದೌರ್ಬಲ್ಯವೇ ಮೊದಲಾದ ತೊಂದರೆಗಳೂ ಉಂಟಾದವು. ತಾಯಿತಂದೆಗಳು ಎರಡನ್ನೂ ತೂಗಿನೋಡಬೇಕು.

ಶಸ್ತ್ರಚಿಕಿತ್ಸೆಯು ಒದಗದವರಿಗೆ ಕೀಟೋಜೆನಿಕ್ ಪಥ್ಯವುಂಟು. ೧೯೨೧ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಈ ಪಥ್ಯದಲ್ಲಿ ಕೊಬ್ಬು ಅಧಿಕ; ಅನ್ನ, ರೊಟ್ಟಿ, ಸಕ್ಕರೆ ಅತ್ಯಲ್ಪ. ವೈದ್ಯರ ಮೇಲ್ವಿಚಾರಣೆಯಿಲ್ಲದೆ ಇದನ್ನು ಆರಂಭಿಸಕೂಡದು. ಎದೆಯ ಚರ್ಮದಡಿಯಲ್ಲಿ ಸಣ್ಣ ಯಂತ್ರವನ್ನಿಟ್ಟು ಕತ್ತಿನ ವೇಗಸ್ ನರವನ್ನು ಪ್ರಚೋದಿಸುವ ಕ್ರಮವೂ ಇದೆ. ಇದು ರೋಗವನ್ನು ನಿರ್ಮೂಲ ಮಾಡುವುದು ಅಪರೂಪ. ಮೂರ್ಛೆಗಳನ್ನು ಅನೇಕರಲ್ಲಿ ಕಡಮೆ ಮಾಡುವುದು.

೪. ಮನೆಯಲ್ಲಿಯೂ ಶಾಲೆಯಲ್ಲಿಯೂ

ಮೂರ್ಛೆ ಬಂದಾಗ ಮಗ್ಗುಲಾಗಿ ಮಲಗಿಸಿರಿ, ತಲೆಯಡಿಗೆ ಮೆತ್ತನೆಯದನ್ನಿಡಿರಿ, ಬಾಯಿಗೆ ಏನನ್ನೂ ಹಾಕಬೇಡಿರಿ, ಕೈಕಾಲುಗಳನ್ನು ಅದುಮಿ ಹಿಡಿಯಬೇಡಿರಿ, ಗಡಿಯಾರವನ್ನು ನೋಡಿರಿ. ಐದು ನಿಮಿಷ ಮೀರಿದರೆ, ಇಲ್ಲವೆ ಎಚ್ಚರವಾಗುವ ಮೊದಲೇ ಮತ್ತೆ ಬಂದರೆ, ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ಮೂರ್ಛೆ ಬಂದ ದಿನ, ಹೊತ್ತು, ನಿದ್ದೆಗೆಟ್ಟದ್ದು, ತಪ್ಪಿದ ಮಾತ್ರೆ, ಇವುಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಿರಿ. ಸ್ನಾನದ ಮನೆಯ ಅಗಣಿಯನ್ನು ಹಾಕದಿರಲಿ. ಬಾವಿಯ ಬಳಿಗೂ ಒಲೆಯ ಬಳಿಗೂ ಒಬ್ಬಳೇ ಹೋಗದಿರಲಿ.

ಮದುವೆಯಾದವರಿಗೆ ಒಂದು ಮಾತು. ರೋಗವನ್ನು ಮರೆಮಾಚುವುದಕ್ಕಾಗಿ ಮಾತ್ರೆಯನ್ನು ಥಟ್ಟನೆ ಬಿಡುವುದು ಪ್ರಾಣಾಪಾಯಕರ. ವಾಲ್ಪ್ರೊಯೇಟ್ ಎಂಬ ಔಷಧವು ಗರ್ಭಸ್ಥ ಶಿಶುವಿಗೆ ಕೇಡುಮಾಡಬಲ್ಲದು. ಆದುದರಿಂದ ಗರ್ಭಧಾರಣೆಗೆ ಮುಂಚೆಯೇ ವೈದ್ಯರನ್ನು ಕೇಳಿರಿ. ಹಿಂದೂ ವಿವಾಹ ಕಾಯಿದೆಯಲ್ಲಿಯೂ ವಿಶೇಷ ವಿವಾಹ ಕಾಯಿದೆಯಲ್ಲಿಯೂ ಮೂರ್ಛೆರೋಗವು ಮದುವೆಗೆ ಅಡ್ಡಿಯೆಂದಿದ್ದ ಮಾತನ್ನು ೧೯೯೯ರಲ್ಲಿ ತೆಗೆದುಹಾಕಲಾಯಿತು.

ಆ ಬಾಲಿಕೆಯ ತಂದೆಯು ನನ್ನ ಮಾತನ್ನು ಕೇಳಲಿಲ್ಲ. ಅವಳನ್ನು ಬೆಂಗಳೂರಿಗೆ ಕರೆದೊಯ್ದರು. ಮಿದುಳಿನ ಎರಡೂ ಪಾರ್ಶ್ವಗಳಿಂದ ಮೂರ್ಛೆಯು ಹೊರಡುತ್ತಿದ್ದುದರಿಂದ ಶಸ್ತ್ರಚಿಕಿತ್ಸೆ ಒದಗಲಿಲ್ಲ. ಔಷಧಗಳನ್ನು ಬದಲಿಸಿದ ಮೇಲೆ ಮೂರ್ಛೆಗಳು ಕಡಮೆಯಾದವು, ನಿಲ್ಲಲಿಲ್ಲ. ಅವಳು ಮರಳಿ ಬಂದಾಗ ಅವಳ ಹಳೆಯ ಬೆಂಚಿನಲ್ಲಿಯೇ ಕುಳ್ಳಿರಿಸಿದೆವು. ಮಗ್ಗುಲಾಗಿ ಮಲಗಿಸುವುದನ್ನು ತರಗತಿಯವರೆಲ್ಲರೂ ಕಲಿತರು. ಎಲ್ಲರಿಗಿಂತ ಮೊದಲು ನಾನು ಕಲಿತೆನು. ಎಸ್.ಎಸ್.ಎಲ್.ಸಿ. ಪರೀಕ್ಷೆಯ ದಿನ ಅವಳಿಗೆ ಮೂರ್ಛೆ ಬಂದಿತು. ಎಚ್ಚರವಾದ ಮೇಲೆ ಮುಖ ತೊಳೆದುಕೊಂಡು ಉಳಿದ ಪ್ರಶ್ನೆಗಳಿಗೆ ಉತ್ತರ ಬರೆದು ತೇರ್ಗಡೆಯಾದಳು.

ನಿಮ್ಮ ಮನೆಯಲ್ಲಿಯೋ ನೆರೆಯಲ್ಲಿಯೋ ಅಂಥ ಮಗುವಿದ್ದರೆ, ಅದಕ್ಕೆ ವೈದ್ಯರ ಬಾಗಿಲನ್ನೂ ಶಾಲೆಯ ಬಾಗಿಲನ್ನೂ ಮುಚ್ಚಬೇಡಿರೆಂದು ನನ್ನ ವಿನಂತಿ.