ಮಳೆ ಹಿಡಿಯುವ ಮೊದಲು ಮನೆ ಸುತ್ತಿ ನೋಡಿ

ಮಕ್ಕಳೇ, ಹೊಸ ಮನೆಗೆ ಹೋದ ವಾರದೊಳಗೆ ಎರಡು ಜಾಗ ಗೊತ್ತು ಮಾಡಿಕೊಳ್ಳಿ. ನೀರು ನಿಲ್ಲಿಸುವ ವಾಲ್ವ್ ಎಲ್ಲಿದೆ, ಕರೆಂಟಿನ ಮೇನ್ ಸ್ವಿಚ್ ಎಲ್ಲಿದೆ. ಬಾಡಿಗೆ ಮನೆಯಾದರೂ ಸರಿಯೇ. ಬಚ್ಚಲಿನ ನಲ್ಲಿ ಕಿತ್ತುಬಂದು ನೀರು ಚಿಮ್ಮುತ್ತಿರುವಾಗ ಪ್ಲಂಬರ್ ನಂಬರಿಗಾಗಿ ತಡಕಾಡುವವರನ್ನು ಕಂಡಿದ್ದೇನೆ. ತಾರಸಿಗೆ ಓಡಿ ಟ್ಯಾಂಕಿನ ಕೆಳಗಿನ ವಾಲ್ವ್ ತಿರುಗಿಸಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ವರ್ಷಗಟ್ಟಲೆ ಮುಟ್ಟದೆ ಬಿಟ್ಟರೆ ಆ ವಾಲ್ವ್ ಬಿಗಿದುಕೊಳ್ಳುತ್ತದೆ. ಆಗಾಗ ಮುಚ್ಚಿ ತೆರೆಯುತ್ತಿರಿ.

ಸಣ್ಣಪುಟ್ಟ ರಿಪೇರಿಗೆ ನೀವೇ ಕೈಹಾಕಿ ಎಂದು ನಾನು ಒತ್ತಿ ಹೇಳಲು ಕಾರಣವಿದೆ. ಕೈಹಾಕಿದವರಿಗೆ ಮಾತ್ರ ಮನೆಯ ಕಾಯಿಲೆ ಎಲ್ಲಿಂದ ಶುರುವಾಯಿತೆಂಬುದು ತಿಳಿಯುತ್ತದೆ. ತಿಳಿಯದವರು ಪ್ರತಿ ದೀಪಾವಳಿಗೂ ಅದೇ ಗೋಡೆಗೆ ಬಣ್ಣ ಹೊಡೆಸುತ್ತಾರೆ, ಮುಂದಿನ ಆಷಾಢಕ್ಕೆ ಅದು ಮತ್ತೆ ಉದುರುತ್ತದೆ.

ತೇವದ ಗೋಡೆಯನ್ನೇ ತೆಗೆದುಕೊಳ್ಳಿ. ಬಣ್ಣ ಉಬ್ಬಿ ಹಕ್ಕಳೆ ಏಳುತ್ತದೆ, ಉಪ್ಪಿನಂಥ ಬಿಳಿ ಪುಡಿ ಕಾಣಿಸುತ್ತದೆ. ಬಣ್ಣದ ಡಬ್ಬಿ ತರುವ ಮೊದಲು ಅಡಿ ಅಗಲದ ಪ್ಲಾಸ್ಟಿಕ್ ಹಾಳೆ ತಂದು, ನಾಲ್ಕೂ ಅಂಚಿಗೆ ಟೇಪ್ ಹಾಕಿ ಆ ಜಾಗಕ್ಕೆ ಗಾಳಿಯಾಡದಂತೆ ಅಂಟಿಸಿ. ಎರಡು ದಿನ ಬಿಟ್ಟು ನೋಡಿ. ಗೋಡೆಯ ಕಡೆಯ ಮೈಯಲ್ಲಿ ಹನಿ ಕಟ್ಟಿದ್ದರೆ ತೇವ ಗೋಡೆಯೊಳಗಿಂದ ಬರುತ್ತಿದೆ. ಕೋಣೆಯ ಕಡೆ ಹನಿ ಇದ್ದರೆ ಗಾಳಿಯೇ ಒದ್ದೆ. ಆಗ ಒಳಗೆ ಬಟ್ಟೆ ಒಣಹಾಕುವುದನ್ನು ನಿಲ್ಲಿಸಿ ಕಿಟಕಿ ತೆರೆದಿಡಿ. ಗೋಡೆಯೊಳಗಿನದಾದರೆ ಅದೇ ಗೋಡೆಯ ಆಚೆ ಬದಿಗೆ ಹೋಗಿ ನಿಂತುಕೊಳ್ಳಿ. ಅಲ್ಲಿ ಬಚ್ಚಲಿದೆಯೇ? ಮಳೆನೀರಿನ ಪೈಪ್ ಬಿರಿದಿದೆಯೇ? ಸಜ್ಜೆಯ ಮೇಲೆ ನೀರು ನಿಲ್ಲುತ್ತದೆಯೇ? ಹೂವಿನ ಪಾತಿಗೆಂದು ಮಣ್ಣನ್ನು ಗೋಡೆಗೆ ಒತ್ತಿ ಏರಿಸಿದ್ದೀರೇ? ಮೂಲ ಸರಿಪಡಿಸಿ, ಗೋಡೆ ಪೂರಾ ಒಣಗಲು ಬಿಟ್ಟು, ಆಮೇಲೆ ಬಣ್ಣ. ಈ ಕಾಯುವಿಕೆಗೆ ಒಂದು ಬೇಸಿಗೆಯೇ ಬೇಕಾದರೂ ಕಾಯಿರಿ.

ಮುಂಗಾರು ಕೇರಳ ಮುಟ್ಟುವ ವಾಡಿಕೆಯ ದಿನ ಜೂನ್ 1. ಮೃಗಶಿರ ಹಿಡಿಯುವ ಹೊತ್ತಿಗೆ ಕರಾವಳಿ, ಮಲೆನಾಡುಗಳಲ್ಲಿ ಮಳೆ ಬೀಳುತ್ತಿರುತ್ತದೆ. ಆದ್ದರಿಂದ ತಾರಸಿಯ ಕೆಲಸ ಮೇ ತಿಂಗಳಿನದು. ನೀರು ಹೊರಹೋಗುವ ಪೈಪಿನ ಬಾಯಲ್ಲಿ ಎಲೆ, ಪ್ಲಾಸ್ಟಿಕ್ ಚೀಲ ಸಿಕ್ಕಿಕೊಂಡಿರುತ್ತವೆ. ತೆಗೆದುಹಾಕಿ ಎರಡು ಬಕೆಟ್ ನೀರು ಸುರಿದು, ಎಲ್ಲಿ ನಿಲ್ಲುತ್ತದೆಂದು ನೋಡಿ ಸೀಮೆಸುಣ್ಣದಿಂದ ಗುರುತು ಹಾಕಿ. ಬಿರುಕನ್ನು ಕೆರೆದು ಅಗಲಿಸಿ, ಧೂಳು ತೆಗೆದು, ನಂತರವೇ ತುಂಬಬೇಕು. ಸಿಮೆಂಟ್ ಗಾರೆಯಾದರೆ ಕನಿಷ್ಠ 7 ದಿನ ನೀರುಣಿಸಿ.

ಊರಿನ ಹೆಂಚಿನ ಮನೆ ಈಗ ನಿಮ್ಮ ಪಾಲಿಗೆ ಬಂದಿದ್ದರೆ ನೀವು ಪುಣ್ಯವಂತರು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಶುರು ಮಾಡಿದ ಆ ಹೆಂಚಿನಷ್ಟು ರಿಪೇರಿಗೆ ಒದಗುವ ಮಾಡನ್ನು ನಾನು ಬೇರೆ ಕಾಣೆ. ಹಗಲು ಹೊತ್ತಿನಲ್ಲಿ ದೀಪ ಆರಿಸಿ ಅಟ್ಟದಿಂದ ಮೇಲೆ ನೋಡಿ. ಬೆಳಕಿನ ಚುಕ್ಕಿ ಕಂಡಲ್ಲಿ ರೀಪಿಗೆ ಗುರುತು ಹಾಕಿ. ಮಾಡು ಕೈಗೆಟಕುವಂತಿದ್ದರೆ ಒಳಗೆ ನಿಂತೇ ಮೇಲಿನ ಹೆಂಚನ್ನು ಕೊಂಚ ಎತ್ತಿ, ಒಡೆದದ್ದನ್ನು ಎಳೆದು, ಹೊಸತನ್ನು ತೂರಿಸಬಹುದು. ಹೊರಗಿನಿಂದ ಮಾಡು ಹತ್ತಲು ಮಾತ್ರ ಹೋಗಬೇಡಿ. ಪಾಚಿ ಹಿಡಿದ ಹೆಂಚಿನ ಮೇಲೆ ಕಾಲು ನಿಲ್ಲುವುದಿಲ್ಲ. ಅದಕ್ಕೆ ಊರಲ್ಲಿ ಪಳಗಿದವರಿದ್ದಾರೆ, ಕೂಲಿ ಕೊಟ್ಟು ಮಾಡಿಸಿ.

ತೊಟ್ಟಿಕ್ಕುವ ನಲ್ಲಿ ಕಲಿಕೆಗೆ ಒಳ್ಳೆಯದು. ಸುತ್ತಿ ತಿರುಗಿಸುವ ಹಳೇ ಮಾದರಿಯದಾದರೆ ಸಾಮಾನ್ಯವಾಗಿ ಒಳಗಿನ ವಾಷರ್ ಸವೆದಿರುತ್ತದೆ. ವಾಲ್ವ್ ಮುಚ್ಚಿ, ಸ್ಪ್ಯಾನರಿನಿಂದ ನಲ್ಲಿಯ ತಲೆ ಬಿಚ್ಚಿ, ಹಳೇ ವಾಷರನ್ನೇ ಅಂಗಡಿಗೆ ಒಯ್ದು ಅದೇ ಅಳತೆಯದು ತನ್ನಿ. ನಲ್ಲಿಯನ್ನೇ ಬದಲಿಸುವುದಾದರೆ ಟೆಫ್ಲಾನ್ ಟೇಪನ್ನು ನಲ್ಲಿ ಬಿಗಿಯುವ ದಿಕ್ಕಿಗೇ ಸುತ್ತಿ. ಎದುರು ದಿಕ್ಕಿಗೆ ಸುತ್ತಿದರೆ ಬಿಗಿಯುವಾಗ ಬಿಚ್ಚಿಕೊಳ್ಳುತ್ತದೆ.

ಮಳೆಗಾಲದಲ್ಲಿ ಬಾಗಿಲು ಉಬ್ಬಿ ಹಿಡಿದುಕೊಂಡರೆ ತಕ್ಷಣ ಉಜ್ಜುಗೊರಡು ಎತ್ತಬೇಡಿ. ಬೇಸಿಗೆಯಲ್ಲಿ ಮರ ಕುಗ್ಗಿದಾಗ ಸಂದು ಬಿಡುತ್ತದೆ. ಮೊದಲು ಕೀಲು ನೋಡಿ. ಎಷ್ಟೋ ಸಲ ತಿರುಪು ಸಡಿಲವಾಗಿ ಬಾಗಿಲು ಜೋತಿರುತ್ತದೆ. ತಿರುಪು ತೆಗೆದು, ಆ ತೂತಿಗೆ ಬಿದಿರಿನ ಕಡ್ಡಿಯನ್ನು ಫೆವಿಕಾಲ್ ಹಚ್ಚಿ ತುಂಬಿ, ಒಣಗಿದ ಮೇಲೆ ಮತ್ತೆ ಬಿಗಿಯಿರಿ.

ಕರೆಂಟಿನ ಕೆಲಸಕ್ಕೆ ಮಾತ್ರ ಕೈಹಾಕಬೇಡಿ. 230 ವೋಲ್ಟ್ ಯಾರನ್ನೂ ಕ್ಷಮಿಸುವುದಿಲ್ಲ. ಫ್ಯೂಸ್ ಪದೇ ಪದೇ ಹೋಗುತ್ತದೆಂದು ದಪ್ಪ ತಂತಿ ಸುತ್ತಬೇಡಿ. ನಿಮ್ಮ ಪಾಲಿನ ಕೆಲಸ ಒಂದೇ. ಮೀಟರ್ ಪಕ್ಕದ ಪೆಟ್ಟಿಗೆಯಲ್ಲಿ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಇದ್ದರೆ, ಕರೆಂಟ್ ಇರುವಾಗಲೇ ಅದರ ಟೆಸ್ಟ್ ಬಟನ್ ತಿಂಗಳಿಗೊಮ್ಮೆ ಒತ್ತಿ. ಒತ್ತಿದ ಕೂಡಲೇ ಅದು ಆಫ್ ಆಗಬೇಕು. ಆಗದಿದ್ದರೆ, ಅಥವಾ ಅಂಥದ್ದು ಮನೆಯಲ್ಲಿ ಇಲ್ಲವೇ ಇಲ್ಲದಿದ್ದರೆ, ಅವತ್ತೇ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನನ್ನು ಕರೆಸಿ.