ರಾಯಚೂರು ಕೋಟೆಯ ಮುತ್ತಿಗೆ

ನಮ್ಮ ವಾಚನಾಲಯಕ್ಕೆ ಬರುವವರಲ್ಲಿ ರಾಯಚೂರು, ಕಲಬುರಗಿ, ವಿಜಯಪುರದ ಕಡೆಯವರು ಅನೇಕರಿದ್ದಾರೆ. ಊರಿಗೆ ಹೋಗಿಬರುವಾಗ ಅಲ್ಲಿಯ ಕೋಟೆಗಳನ್ನು ಎಷ್ಟೋ ಸಲ ಕಂಡಿರುತ್ತಾರೆ. ಆದರೆ ಬುರುಜು ಗೋಡೆಯಿಂದ ಹೊರಕ್ಕೆ ಏಕೆ ಚಾಚಿದೆ, ಅದರ ನೆತ್ತಿಯ ಮೇಲೆ ದುಂಡನೆಯ ಕಟ್ಟೆ ಏಕಿದೆ ಎಂದು ಕೇಳಿದವರು ಕಡಿಮೆ. ಈ ಸಲದ ಪಾಠಕ್ಕೆ ಅದನ್ನೇ ಆರಿಸಿಕೊಂಡಿದ್ದೇನೆ.

ಮದ್ದುಗುಂಡು ಬರುವ ಮೊದಲು ಕೋಟೆಯೆಂದರೆ ಎತ್ತರ. ಏಣಿಗೆ ನಿಲುಕದಷ್ಟು ಎತ್ತರ ಕಟ್ಟಿದರೆ ಅರ್ಧ ಗೆದ್ದಂತೆ. ಫಿರಂಗಿ ಬಂದ ಮೇಲೆ ಈ ಲೆಕ್ಕ ತಿರುಗುಮುರುಗಾಯಿತು. ಗೋಡೆ ಎತ್ತರವಾದಷ್ಟೂ ಗುರಿ ದೊಡ್ಡದು. 1453ರಲ್ಲಿ ತುರ್ಕರು ಕಾನ್‌ಸ್ಟಾಂಟಿನೋಪಲ್ ನಗರದ ಗೋಡೆಗಳನ್ನು ಫಿರಂಗಿಯಿಂದ ಒಡೆದರು. 1494ರಲ್ಲಿ ಫ್ರಾನ್ಸಿನ ಎಂಟನೆಯ ಚಾರ್ಲ್ಸ್ ದೊರೆ ಗಾಡಿಯ ಮೇಲೆ ಸಾಗುವ ತೋಪುಗಳೊಡನೆ ಇಟಲಿಗೆ ಇಳಿದ. ಇಟಲಿಯವರು ಮೆಲ್ಲಮೆಲ್ಲನೆ ಗೋಡೆಯನ್ನು ತಗ್ಗಿಸಿದರು, ದಪ್ಪ ಮಾಡಿದರು, ಒಳಗೆ ಮಣ್ಣು ತುಂಬಿದರು, ಮೂಲೆಗಳಲ್ಲಿ ಬಾಣದ ಮೊನೆಯಂಥ ಕೊತ್ತಳಗಳನ್ನು ಕಟ್ಟಿದರು. ಒಂದು ಕೊತ್ತಳದ ತೋಪು ಪಕ್ಕದ ಕೊತ್ತಳದ ಬುಡವನ್ನು ಕಾಯಬೇಕು, ಇದೇ ಅದರ ಗುಟ್ಟು. ಶಿಲ್ಪಿ ಮೈಕೆಲಾಂಜೆಲೋ ಕೂಡ 1529ರಲ್ಲಿ ಫ್ಲಾರೆನ್ಸ್ ನಗರದ ಕೋಟೆ ಕೆಲಸದ ಮೇಲ್ವಿಚಾರಣೆಗೆ ನಿಂತ. ಅದೇ ವರ್ಷ ಇತ್ತ ನಮ್ಮ ಕೃಷ್ಣದೇವರಾಯ ತೀರಿಕೊಂಡ.

ಅದಕ್ಕೆ ಒಂಬತ್ತು ವರ್ಷ ಮುಂಚೆ, 1520ರಲ್ಲಿ, ರಾಯನು ರಾಯಚೂರಿಗೆ ಮುತ್ತಿಗೆ ಹಾಕಿದ್ದ. ಕೃಷ್ಣೆ ತುಂಗಭದ್ರೆಗಳ ನಡುವಣ ದೋಆಬಿಗೆ ಆ ಕೋಟೆಯೇ ಬೀಗ. ಬೀಗದ ಕೈ ಬಿಜಾಪುರದ ಇಸ್ಮಾಯಿಲ್ ಆದಿಲಶಾಹನ ಹತ್ತಿರ ಇತ್ತು. ಈ ಮುತ್ತಿಗೆಯ ವಿವರ ನಮಗೆ ಸಿಕ್ಕಿರುವುದು ಪೋರ್ತುಗೀಜ ಕುದುರೆ ವ್ಯಾಪಾರಿ ನೂನಿಜನಿಂದ. ಅವನು 1535ರ ಸುಮಾರಿಗೆ ವಿಜಯನಗರದಲ್ಲಿದ್ದವನು, ಕಣ್ಣಾರೆ ಕಂಡವನಲ್ಲ. ಆದ್ದರಿಂದ ಅವನು ಕೊಡುವ ಸೈನ್ಯದ ಅಂಕಿಗಳನ್ನು ಸ್ವಲ್ಪ ಸೋಸಿಯೇ ಕುಡಿಯಬೇಕು. ಕೋಟೆಯ ಮೇಲೆ ದೊಡ್ಡ ತೋಪುಗಳೇ 200 ಇದ್ದುವು ಎನ್ನುತ್ತಾನೆ.

ರಾಯನ ಕಡೆಯವರು ಗೋಡೆ ಒಡೆದದ್ದು ತೋಪಿನಿಂದಲ್ಲ. ಗುದ್ದಲಿ, ಹಾರೆ ಹಿಡಿದ ಆಳುಗಳನ್ನು ಗೋಡೆಯ ಬುಡಕ್ಕೆ ಕಳಿಸಿದರು. ಮೇಲಿನಿಂದ ಗುಂಡು, ಬಾಣ, ಕಲ್ಲು ಸುರಿಯುತ್ತಿತ್ತು. ಜನ ಹಿಂಜರಿದರು. ಆಗ ದಳಪತಿಗಳು ಒಂದು ಉಪಾಯ ಹೂಡಿದರು: ಗೋಡೆಯಿಂದ ಕಿತ್ತು ತಂದ ಒಂದೊಂದು ಕಲ್ಲಿಗೂ ಕ್ರಯ ಕಟ್ಟಿದರು. ಕಲ್ಲಿನ ಗಾತ್ರ ನೋಡಿ 10, 20, 30, 40, 50 ಹಣ. ಆಗಿನ ಹತ್ತು ಹಣಕ್ಕೆ ಒಂದು ವರಹ. ದೊಡ್ಡ ಕಲ್ಲೊಂದಕ್ಕೆ ಐದು ವರಹವಾಯಿತು. ನಾನು ಗಿರಣಿಯಲ್ಲಿ ನಗದ ಲೆಕ್ಕದ ಕೂಲಿ ಪುಸ್ತಕ ಬರೆಯುವವನು. ಈ ಸಾಲು ಓದಿದಾಗ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕುಳಿತೆ. ಕಲ್ಲು ಹೊತ್ತು ಹಿಂದಕ್ಕೆ ಬಂದವನಿಗೆ ಕೂಲಿ. ಕಲ್ಲು ಸಡಿಲಿಸುತ್ತಿರುವಾಗಲೇ ಬಿದ್ದವನ ಹೆಸರು ಯಾವ ಪುಸ್ತಕದ ಯಾವ ಕಲಮಿಗೆ?

ಆದರೆ ಉಪಾಯ ಫಲಿಸಿತು. ಫಲಿಸಿದ್ದಕ್ಕೆ ಕಾರಣವಿದೆ. ತೋಪುಗಳು ಎತ್ತರದಲ್ಲಿದ್ದುವು, ದೂರಕ್ಕೆ ಹಾರಿಸಬಹುದು, ಕಾಲ ಕೆಳಗಿನವನಿಗೆ ಹೊಡೆಯಲಾಗದು. ಗೋಡೆಗೆ ಅಂಟಿಕೊಂಡು ನಿಂತವನಿಗೆ ತೋಪಿನ ಭಯವಿಲ್ಲ. ಇಟಲಿಯ ಚೂಪು ಕೊತ್ತಳ ಇಲ್ಲವಾಗಿಸಿದ್ದು ಈ ಕುರುಡು ಜಾಗವನ್ನೇ.

ನಡುವೆ ಆದಿಲಶಾಹನೇ ದಂಡೆತ್ತಿ ಬಂದ. ಮೇ 19ರಂದು ಬಯಲಿನಲ್ಲಿ ಯುದ್ಧವಾಯಿತು. ಅವನ ತೋಪುಗಳು ಒಟ್ಟಿಗೆ ಹಾರಿ ರಾಯನ ಮುಂಚೂಣಿಯನ್ನು ಚದುರಿಸಿದರೂ ರಾಯನು ಉಳಿದವರನ್ನು ಹುರಿದುಂಬಿಸಿ ನುಗ್ಗಿ ಗೆದ್ದ. ತೋಪುಗಳು ರಾಯನ ಕೈಸೇರಿದುವು. ಮತ್ತೆ ಕೋಟೆಗೆ ಬಂದಾಗ ಕುದುರೆ ಮಾರಲು ಬಂದಿದ್ದ ಕ್ರಿಸ್ತೋವಾವೊ ದ ಫಿಗೈರೇದೊ ಎಂಬ ಪೋರ್ತುಗೀಜನು ಇಪ್ಪತ್ತು ಬಂದೂಕುಗಾರರೊಡನೆ ಸಹಾಯಕ್ಕೆ ನಿಂತ. ಗೋಡೆಯ ಮೇಲೆ ನಿಶ್ಚಿಂತೆಯಿಂದ ಓಡಾಡುತ್ತಿದ್ದವರು ಒಬ್ಬೊಬ್ಬರಾಗಿ ಉರುಳಿದರು. ಗುದ್ದಲಿಯವರ ಕೆಲಸ ಸಲೀಸಾಯಿತು. ಕೋಟೆಯ ಅಧಿಕಾರಿಯೇ ಬಗ್ಗಿ ನೋಡಹೋಗಿ ಹಣೆಗೆ ಗುಂಡು ತಗಲಿ ಸತ್ತ. ಮರುದಿನ ಬಾಗಿಲು ತೆರೆಯಿತು.

ಇದರ ಪಾಠ ಕಲಿತವರು ಯಾರು? ಗೆದ್ದವರಲ್ಲ, ಸೋತವರು. ಕುದುರೆ ಮತ್ತು ಕಾಲಾಳಿನ ಬಲದಿಂದಲೇ ಗೆದ್ದೆವೆಂದು ವಿಜಯನಗರದವರು ತಿಳಿದಂತೆ ತೋರುತ್ತದೆ; ಹಂಪೆಯ ಗೋಡೆಗಳಲ್ಲಿ ತೋಪಿಗೆಂದೇ ಕಟ್ಟಿದ ಬುರುಜು ಕಾಣುವುದು ಅಪರೂಪ. ಬಿಜಾಪುರದವರಾದರೋ ಹೊರಕ್ಕೆ ಚಾಚಿದ ದಪ್ಪ ಬುರುಜುಗಳನ್ನು ಕಟ್ಟಿ, ಮೇಲೆ ದುಂಡು ಕಟ್ಟೆ ಹಾಕಿ, ನಡುವೆ ಗೂಟ ನಿಲ್ಲಿಸಿ, ತೋಪು ಸುತ್ತಲೂ ತಿರುಗುವಂತೆ ಮಾಡಿದರು. ವಿಜಯಪುರದ ಉಪ್ಪಲಿ ಬುರುಜು 1584ರ ಸುಮಾರಿನದು. ಹೊರಗಡೆಯಿಂದಲೇ ಸುತ್ತಿ ಏರುವ ಮೆಟ್ಟಿಲು, ಮೇಲೆ 30 ಅಡಿಗೂ ಮಿಕ್ಕಿ ಉದ್ದದ ತೋಪು. ಸುಮಾರು 55 ಟನ್ ತೂಗುವ ಮಲಿಕ್-ಇ-ಮೈದಾನ್ ಎರಕವಾದದ್ದು 1549ರಲ್ಲಿ, ನಮ್ಮ ನೆರೆಯ ಅಹಮದನಗರದಲ್ಲಿ. ಪರಾಂಡಾ ಕೋಟೆಯಿಂದ ಅದನ್ನು 1632ರಲ್ಲಿ ಬಿಜಾಪುರಕ್ಕೆ ಎಳೆದು ತಂದರು.

ಗೋಡೆಯ ಬುಡವನ್ನು ಹುಡುಕಿದ ಇನ್ನೊಂದು ಆಯುಧ ಸುರಂಗ. ಥಳ ಘಾಟಿನ ಕೆಳಗೆ ಬದುಕುವ ನಮಗೆ ಸುರಂಗವೆಂದರೆ ರೈಲಿನ ದಾರಿ; ಅಂದಿನವರಿಗೆ ಅದು ಗೋಡೆಯ ಅಡಿಗೆ ಮದ್ದು ತುಂಬುವ ಬಿಲ. ಮನಮಾಡದಿಂದ ಸಂಭಾಜಿನಗರದ ಕಡೆ ಹೋಗುವ ಗಾಡಿಯಿಂದ ಕಾಣುವ ದೌಲತಾಬಾದನ್ನು, ಎಂದರೆ ಹಳೆಯ ದೇವಗಿರಿಯನ್ನು, 1633ರಲ್ಲಿ ಮೊಗಲ ಸರದಾರ ಮಹಾಬತಖಾನ ಹಿಡಿದದ್ದು ಹೀಗೆ ಗೋಡೆ ಹಾರಿಸಿಯೇ.

ರಾಯಚೂರಿಗೆ ಹೋದವರು ಒಳಕೋಟೆಯ ಗೋಡೆಯಲ್ಲಿರುವ 41 ಅಡಿಗೂ ಉದ್ದನೆಯ ಕಲ್ಲೊಂದನ್ನು ನೋಡಿ ಬನ್ನಿ. 1294ರ ಶಾಸನ ಅದರ ಮೇಲಿದೆ. ಅದನ್ನು ಬಂಡಿಯ ಮೇಲೆ ಹೇರಿ ಜಾನುವಾರುಗಳ ಸಾಲು ಹೂಡಿ ಎಳೆದು ತಂದ ಚಿತ್ರವನ್ನೂ ಅಲ್ಲೇ ಗೋಡೆಯ ಮೇಲೆ ಕೆತ್ತಿದ್ದಾರೆ. ಗೋಡೆ ಕಟ್ಟಿದವರ ಚಿತ್ರವಾದರೂ ಉಳಿದಿದೆ.